ಕತ್ತರಿಗೆ ಬಗ್ಗದ ಪಾಚಿ

ಮನೆಯಿಂದ,
ಅಕ್ಟೋಬರ್ ೧೪, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ತವರಿನಲ್ಲಿ ಎಲ್ಲರೂ ಆರೋಗ್ಯವೇ? ನಿನ್ನ ತಲೆನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಚಹಾ ಕುಡಿದೇ ದಿನ ದೂಡುತ್ತೀಯೋ? ಸೊಸೆಗೆ ಪತ್ರ ಬರೆಯಲು ಕೂತು ಡಾಕ್ಟರ ಹಾಗೆ ಪ್ರಶ್ನೆ ಕೇಳುತ್ತಿದ್ದೀರಲ್ಲ ಎಂದು ನಿನ್ನತ್ತೆ ಪಕ್ಕದಲ್ಲೇ ನಿಂತು ಗೊಣಗುತ್ತಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ಕ್ಷೌರದಂಗಡಿಯನ್ನು ನಾನೀಗ ಬೆಳಗಿನ ಹೊತ್ತು ಮಾತ್ರ ತೆರೆಯುತ್ತೇನೆ. ಬರುವವರೆಲ್ಲ ಹಳೇ ಗಿರಾಕಿಗಳು. ಅವರ ತಲೆಯಲ್ಲಿ ಕೂದಲಿಗಿಂತ ಮಾತೇ ಹೆಚ್ಚು.

ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಮಾವ, ಆ ಮೀನಿನ ತೊಟ್ಟಿ ಯಾರಿಗಾದ್ರೂ ಕೊಟ್ಬಿಡಿ. ಅದರ ಗಾಜಲ್ಲಿ ಅವ್ರು ಕಾಣಿಸ್ತಾರೆ. ಅದು ಅಲ್ಲಿರೋವರೆಗೂ ನಾನು ಬರಲ್ಲ" ಎಂದೆ. ಗಂಡ ತೀರಿಕೊಂಡ ದುಃಖದಲ್ಲಿ ಹುಡುಗಿಗೆ ಏನೇನೋ ಕಾಣುತ್ತಿದೆ ಎಂದುಕೊಂಡೆ. ಕೊಟ್ಟುಬಿಡಲು ಮನಸ್ಸು ಬರಲಿಲ್ಲ. ಆ ಕಿತ್ತಳೆ ಬಣ್ಣದ ಜೋಡಿ ಮೀನು, ದೀಪ ಹಾಕಿದೊಡನೆ ಬೆರಳು ಬಿಚ್ಚಿದಂತೆ ಅರಳುವ ಹವಳ, ಎಲ್ಲವೂ ನನ್ನ ಮಗನ ಕೈಯಲ್ಲಿ ಬೆಳೆದ ಜೀವಗಳು. ಸಮುದ್ರದ ಜೀವಗಳೆಂದು ಅವನು ಉಪ್ಪು ಅಳೆದು ನೀರು ಬೆರೆಸುವುದನ್ನು ಎಷ್ಟು ಸಲ ನೋಡಿಲ್ಲ ನಾನು, ನನಗೇನು ಮಹಾ ಎಂದು ಹೊಣೆ ಹೊತ್ತುಕೊಂಡೆ. ಆಮೇಲೆ ಶುರುವಾಯಿತು ನೋಡು ಪಾಚಿಯ ಕಾಟ.

ಮೊದಲು ಒಂದು ಕಲ್ಲಿನ ಮೇಲೆ ಹಸಿರು ಎಳೆಗಳು ಎದ್ದವು. ಉದ್ದ ಬೆಳೆದದ್ದನ್ನು ಕಂಡರೆ ಈ ಕೈ ಸುಮ್ಮನಿರುತ್ತದೆಯೇ? ಅಂಗಡಿಯ ಕತ್ತರಿಯನ್ನು ಬಿಸಿನೀರಿನಲ್ಲಿ ತೊಳೆದು, ಅಂಗಿಯ ತೋಳು ಮಡಚಿ, ತೊಟ್ಟಿಯೊಳಗೇ ನೀಟಾಗಿ ಕತ್ತರಿಸಿದೆ. ಕಲ್ಲು ಮದುಮಗನ ಹಾಗೆ ಕಾಣುತ್ತಿದೆ ಎಂದು ನಿನ್ನತ್ತೆಯನ್ನು ಕರೆದು ತೋರಿಸಿದ್ದೂ ಆಯಿತು. ಕೆಲವೇ ದಿನಗಳಲ್ಲಿ ಉಳಿದ ಕಲ್ಲುಗಳಿಗೂ ಕೂದಲು ಬಂತು. ಕತ್ತರಿಗೆ ಮಾತ್ರ ತುಕ್ಕು ಹಿಡಿಯಿತು. ಅವನು ಮೀನು ತರುತ್ತಿದ್ದ ಸಾಕುಮೀನಿನ ಅಂಗಡಿಯಾಕೆ ಬಂದು ನೋಡಿ ಹಣೆ ಚಚ್ಚಿಕೊಂಡಳು. "ಅಜ್ಜಾ, ಇದು ತಲೆ ಅಲ್ಲ. ನೀವು ಕತ್ತರಿಸಿದ ಒಂದೊಂದು ಚೂರೂ ತೇಲಿಕೊಂಡು ಹೋಗಿ ಬೇರೆ ಕಡೆ ಅಂಟ್ಕೊಂಡಿದೆ. ಕಲ್ಲನ್ನ ಬಕೆಟ್ಟಿಗೆ ತೆಗೆದು ಬುಡಸಮೇತ ಕೀಳಿ. ದೀಪ ಕಡಿಮೆ ಮಾಡಿ, ಆಹಾರ ಕಡಿಮೆ ಮಾಡಿ. ಮೀನು ತಿಂದು ಬಿಟ್ಟದ್ದನ್ನ ಪಾಚಿ ತಿನ್ನುತ್ತೆ" ಎಂದಳು. ನಾನು ಹಾಕುವುದು ದಿನ ಬಿಟ್ಟು ದಿನ ಒಂದು ಚಿಟಿಕೆ ಎಂದರೆ ನಂಬಲೇ ಇಲ್ಲ. "ಯಾರೋ ಚೆನ್ನಾಗಿ ಹಾಕ್ತಿದ್ದಾರೆ ಬಿಡಿ" ಎಂದು ನಕ್ಕಳು.

ಅವಳು ಹೇಳಿದಂತೆಯೇ ಮಾಡಿದೆ. ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿನಲ್ಲಿ ಕಲ್ಲಿಟ್ಟು, ಚಿಮುಟ ಹಿಡಿದು ಒಂದೊಂದೇ ಎಳೆಯನ್ನು ಬೇರಿನಿಂದ ಕಿತ್ತೆ. ಕಿತ್ತ ಜಾಗದಲ್ಲೇ ಮತ್ತೆ ಬರುತ್ತದೆ. ಈಗ ಹವಳದ ಕಾಲಿನವರೆಗೂ ಹಬ್ಬಿದೆ, ಅದು ಮೊದಲಿನಂತೆ ಅರಳುವುದಿಲ್ಲ. ಮೊನ್ನೆ ಸಂಜೆ ಕಲ್ಲನ್ನು ವಾಪಸು ಇಡುತ್ತಿದ್ದೆ. ಗಾಜಿನಲ್ಲಿ ನನ್ನ ಮುಖದ ಪಕ್ಕ ಇನ್ನೊಂದು ಮುಖವಿತ್ತು. ಮೈಮರೆತು ಕೆಲಸ ಮಾಡುವಾಗ ಅವನು ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಿದ್ದನಲ್ಲ, ಹಾಗೆಯೇ ಕಚ್ಚಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದ. ನಾನು ತಿರುಗಲಿಲ್ಲ. ತಿರುಗಿದರೆ ಹೊರಟುಹೋಗುತ್ತಾನೆಂಬ ಭಯ ಒಂದು ಕಡೆ, ಹೋಗದಿದ್ದರೆ ಏನು ಮಾಡಲಿ ಎಂಬ ಭಯ ಇನ್ನೊಂದು ಕಡೆ. ನೀನು ಹೇಳಿದ್ದು ನಿಜ ಮಗಳೇ. ನಾನು ನೀರಿಗೆ ಕೈ ಹಾಕದ ದಿನವೂ ತೊಟ್ಟಿಯ ಕೆಳಗೆ ಹನಿಗಳು ಬಿದ್ದು, ಒಣಗಿ, ಉಪ್ಪಿನ ಬಿಳಿ ಕಲೆಗಳಾಗಿರುತ್ತವೆ. ನಿನ್ನತ್ತೆ ನನ್ನನ್ನು ಬೈಯದೆ ಒರೆಸಿಬಿಡುತ್ತಾಳೆ. ಅವಳು ಬೈಯದಿರುವುದೇ ನನಗೆ ಹೆಚ್ಚು ಹೆದರಿಕೆ.

ಅಂಗಡಿಯಾಕೆ ಎಲ್ಲವನ್ನೂ ಒಯ್ದು ಸಾಕುತ್ತೇನೆ ಎಂದಿದ್ದಾಳೆ, ಒಳ್ಳೆಯ ಹೆಂಗಸು. ಹೀಗೇ ಬಿಟ್ಟರೆ ಹವಳ ಸಾಯುತ್ತದೆ, ಅದರ ಹಿಂದೆಯೇ ಮೀನೂ ಹೋಗುತ್ತದೆ. ಕೊಟ್ಟರೆ ನೀನು ಬರುತ್ತೀಯ, ಆದರೆ ಅವನು ಎಲ್ಲಿಗೆ ಹೋಗಬೇಕು? ಈ ಮುದುಕನಿಗೆ ಒಂದೂ ತೋಚುತ್ತಿಲ್ಲ.

ನಿನ್ನ ತಂದೆತಾಯಿಗೆ ನಮ್ಮ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಮಾವ

ತಾ.ಕ.: ಕವರು ಅಂಟಿಸುವ ಮೊದಲು ಇಷ್ಟು ಬರೆದುಬಿಡುತ್ತೇನೆ. ನಿನ್ನೆ ನಿನ್ನತ್ತೆ ಮೀನಿನ ಆಹಾರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತಲೆದಿಂಬಿನಡಿ ಇಟ್ಟುಕೊಂಡು ಮಲಗಿದಳು. ಬೆಳಗ್ಗೆ ನೋಡಿದರೆ ಆಹಾರ ನೀರಿನ ಮೇಲೆ ತೇಲುತ್ತಿತ್ತು. ಮಗ ಹಸಿದವರನ್ನು ನೋಡಲಾರದವನು, ಅವನನ್ನು ಗದರಲು ನಮ್ಮಿಬ್ಬರಿಗೂ ಬಾಯಿ ಬರುವುದಿಲ್ಲ. ಅವನು ಯಾವತ್ತಿಗೂ ಕೇಳುತ್ತಿದ್ದದ್ದು ನಿನ್ನ ಮಾತೊಂದನ್ನೇ. ಇಪ್ಪತ್ತನಾಲ್ಕನೇ ತಾರೀಕು, ಬುಧವಾರ, ಅಂಗಡಿಯಾಕೆ ಉತ್ತರ ಕೇಳಲು ಬರುತ್ತಾಳೆ. ಅದಕ್ಕೆ ಮೊದಲು ಒಂದು ಸಲ ಬಾ ತಾಯಿ. ಬಂದು, ಸಾಕು ಮಾಡಿ ಎಂದು ಅವನಿಗೆ ನೀನೇ ಹೇಳು.