ಇನ್ನೊಂದು ಅರ್ಧ ಸುತ್ತು

ನನ್ನ ಮಗಳು ಪ್ರಿಯಾಂಕಳಿಗೆ,

ಅಮ್ಮನ ಫೋನು ನನ್ನ ಕೈಗೆ ಬಂದರೆ ನೀನು "ಊಟ ಆಯ್ತಾ ಅಪ್ಪ" ಎಂದು ಕೇಳಿ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಮ್ಮ ಹಳೇ ವ್ಯಾನಿನ ಸ್ಟಡ್ಡು ಮುರಿಯಿತು. ಸೈಲೆನ್ಸರ್ ಪೈಪನ್ನು ಎಂಜಿನ್ನಿಗೆ ಹಿಡಿದಿಡುವ ನಾಲ್ಕು ಬೋಲ್ಟುಗಳಲ್ಲಿ ಒಂದು. ಮುರಿದವನು ನಾನೇ. ಆಯುಧ ಪೂಜೆಯ ಹಿಂದಿನ ದಿನ ಗಾಡಿ ತೊಳೆದು, ಕಣ್ಣಿಗೆ ಕಂಡ ನಟ್ಟನ್ನೆಲ್ಲ ಇನ್ನೊಂದು ಅರ್ಧ ಸುತ್ತು ಬಿಗಿ ಮಾಡುವುದು ನಮ್ಮಪ್ಪನ ಕಾಲದ ಪದ್ಧತಿ. ಅದೂ ಪೂಜೆಯೇ ಎಂದು ನಂಬಿದ್ದೆ.

ಹೋದ ವರ್ಷ ನೀನು, "ಅಪ್ಪ, ಬಿಗಿಗೂ ಒಂದು ಅಳತೆ ಇರುತ್ತೆ. ವರ್ಷಾ ವರ್ಷಾ ಹಿಂಗೆ ತಿರುವಿದ್ರೆ ಸ್ಟಡ್ಡು ಎಳ್ಕೊಂಡು ಮುರಿಯುತ್ತೆ" ಅಂದೆ. ನಾನು ನೆಂಟರೆದುರಿಗೇ ನಿನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, "ನೀನು ಹೋಗಿ ರಂಗೋಲಿ ಬಿಡಮ್ಮ" ಎಂದೆ. ಎಲ್ಲರೂ ನಕ್ಕರು. ಚಿಂತಾಮಣಿಯಲ್ಲಿ ಟ್ರ್ಯಾಕ್ಟರ್ ಎಂಜಿನ್ನನ್ನೇ ಬಿಚ್ಚಿ ಜೋಡಿಸುವ ಮಗಳಿಗೆ ಆಡುವ ಮಾತೇ ಅದು? ಅಂದು ಮಧ್ಯಾಹ್ನದ ಬಸ್ಸಿಗೆ ಹೋದವಳು ಮತ್ತೆ ಮಂಡಿಕಲ್ಲಿಗೆ ಬರಲಿಲ್ಲ.

ಈ ಹಬ್ಬಕ್ಕೂ ಅದೇ ಅರ್ಧ ಸುತ್ತು ಕೊಟ್ಟೆ. ಟಪ್ಪನೆ ಮುರಿದು, ಅರ್ಧ ಎಂಜಿನ್ನಿನೊಳಗೇ ಉಳಿಯಿತು.

ಗೇಟು ಮಾಡುವ ಬೀರೇಶ್ ವೆಲ್ಡಿಂಗ್ ಸೆಟ್ಟನ್ನು ಮನೆಗೇ ತಂದು, ಆ ಮುರುಕಿನ ಮೇಲೊಂದು ನಟ್ಟು ಬೆಸೆದ. ಕೆಂಪಗಿರುವಾಗಲೇ ತಿರುಗಿಸಲು ಹೋದೆ, ನಟ್ಟು ಕಿತ್ತು ಬಂತು. ಎರಡನೇ ಸಲವೂ ಹಾಗೇ. ಬೀರೇಶ್ ಕನ್ನಡಕ ಹಣೆಗೇರಿಸಿ, "ಆರ್ಲಿ ತಡಿ ಆಂಜನಪ್ಪಣ್ಣ. ಇಲ್ಲಾಂದ್ರೆ ಪ್ರಿಯಾಂಕಂಗೇ ಫೋನ್ ಮಾಡ್ತೀನಿ" ಎಂದ. ಸ್ಪ್ಯಾನರ್ ಕೆಳಗಿಟ್ಟು ಕೂತೆ. ನಿಮ್ಮಮ್ಮ ಕಾಫಿ ಕೊಡುತ್ತ, "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಎಂದು ಗೊಣಗಿದಳು. ಮೂರನೇ ಸಲ, ಮೇಣ ಕರಗಿ ಒಳಗಿಳಿದು ಜಾರಲೆಂದು ಬಿಸಿಯ ಮೇಲೆ ಮೇಣದಬತ್ತಿ ಸವರಿ, ಕೈ ಮುಟ್ಟುವಷ್ಟು ಆರಿದ ಮೇಲೆ ಹಿಂದೆ ಮುಂದೆ ಆಡಿಸಿದೆ. ಕದಲಿತು, ಬಂತು. ಮೊದಲೇ ಮುರಿದು ಬಿದ್ದಿದ್ದ ತುಂಡನ್ನು ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ತುದಿ ಎಳೆದುಕೊಂಡು ಸಣ್ಣಗಾಗಿತ್ತು, ನೀನು ಹೇಳಿದ್ದಂತೆಯೇ.

ತಪ್ಪು ನನ್ನದು ಕಣಮ್ಮ. ಸ್ಟಡ್ಡಿನ ವಿಷಯದಲ್ಲಿ ಮಾತ್ರವಲ್ಲ. ನಗುವವರ ಬಾಯಿ ಮುಚ್ಚಿಸಬೇಕಾದ ಅಪ್ಪನೇ ಅವರನ್ನು ನಗಿಸಿದ. ನೆನೆದರೆ ನಾಚಿಕೆಯಾಗುತ್ತದೆ.

ಹೊಸ ಸ್ಟಡ್ಡು ಕೂರಿಸಿದ್ದೇನೆ. ನಾಲ್ಕೂ ನಟ್ಟುಗಳನ್ನು ಬರೀ ಬೆರಳಲ್ಲಿ ತಿರುವಿ ಬಿಟ್ಟಿದ್ದೇನೆ, ಸ್ಪ್ಯಾನರ್ ಮುಟ್ಟಿಲ್ಲ. ಅವತ್ತು ನಕ್ಕವರನ್ನೆಲ್ಲ ಬರುವ ಭಾನುವಾರ ಊಟಕ್ಕೆ ಕರೆದಿದ್ದೇನೆ. ನೀನು ಬಂದು ಅವರೆದುರಿಗೇ ಬಿಗಿ ಮಾಡು. ಪಕ್ಕದಲ್ಲಿ ಟಾರ್ಚು ಹಿಡಿದು ನಾನು ನಿಲ್ಲುತ್ತೇನೆ.

ನಿನ್ನ ಕೈಗೆ ದೇವರು ಬಲ ಕೊಡಲಿ, ತಾಯಿ.

ನಿನ್ನ ದಾರಿ ನೋಡುತ್ತಿರುವ
ಅಪ್ಪ, ಆಂಜನಪ್ಪ