ಎಮ್ಮೆ ಒಪ್ಪುವ ಸೀರೆ

ಕದರಮಂಡಲಗಿ
೭-೬-೧೯೮೮

ಅಕ್ಕ ಬಸವಣ್ಣೆವ್ವನಿಗೆ,

ಅವ್ವನ ಕೈ ಮುರಿದಾಗಿನಿಂದ ಎಮ್ಮೆ ಹಿಂಡುವವನು ನಾನೇ. ಅವಳ ಹಳೆಯ ಸೀರೆ ಹೊದ್ದು ಕುಳಿತರೆ ಮಾತ್ರ ಅದು ಹಾಲು ಬಿಡುತ್ತದೆ. "ಬಿ.ಎ. ಪಾಸಾಗಿ ಸೀರಿ ಉಟ್ಟೀಯೇನಪಾ?" ಎಂದು ಪಕ್ಕದ ಮನೆಯ ಬೀರವ್ವ ದಿನಾ ನಗುತ್ತಾಳೆ. ನನಗೀಗ ನಾಚಿಕೆಯೂ ಆಗುವುದಿಲ್ಲ.

ಸೋಮವಾರ ಹಾವೇರಿಯಲ್ಲಿ ಗುಮಾಸ್ತನ ಕೆಲಸಕ್ಕೆ ಸಂದರ್ಶನವಿದೆ. ಇದು ಐದನೆಯದು. ನೀನು ಹಲಗೇರಿಯಿಂದ ಶನಿವಾರವೇ ಬಾ. ಆ ಸೀರೆ ಹೊದ್ದು ಎರಡು ದಿನ ಹತ್ತಿರ ನಿಂತರೆ ಎಮ್ಮೆ ನಿನ್ನನ್ನೂ ಒಪ್ಪೀತು. ಕೆಲಸ ಸಿಕ್ಕರೆ ನಾನು ಹಾವೇರಿಯಲ್ಲೇ ರೂಮು ಮಾಡಬೇಕು, ಎಮ್ಮೆಯನ್ನು ಮಾರಬೇಕು.

"ಸೋಮವಾರ ಒಂದಿನ ತಡಕೋ ನಮ್ಮವ್ವಾ, ಸಂಜೀಕ ಬಂದಬಿಡ್ತಾನ," ಎಂದು ಅವ್ವ ಎಡಗೈಯಿಂದ ಅದರ ಕೊರಳು ಸವರುತ್ತಾಳೆ. ಮಾರುವ ಮಾತನ್ನು ಇಬ್ಬರಿಗೂ ನಾನಿನ್ನೂ ಹೇಳಿಲ್ಲ.

ನಿನ್ನ ತಮ್ಮ,
ಹಾಲೇಶಪ್ಪ