ಎಡಗಡೆಯ ಜೇಬು

ಬೆಲ್ಸ್ ಫೋರ್ಕ್, ಟೆನಿಸ್ಸಿ
ಮಂಗಳವಾರ, ಅಕ್ಟೋಬರ್ 9, 2012

ನನ್ನ ನೋಲಾ ಮರಿಗೆ ಅಮ್ಮನ ಮುತ್ತು.

ನಿನ್ನ ಪತ್ರ ತಲುಪಿತು. ನಾಲ್ಕು ವರ್ಷದ ಮೇಲೆ ಬಂದ ಪತ್ರ. ಮೊಣಕಾಲು ನೋವು ಹೇಗಿದೆ ಅಂತ ಒಂದು ಸಾಲು, ಮಿಕ್ಕಿದ್ದೆಲ್ಲ ಪಿಸ್ತೂಲಿನ ವಿಷಯ. ಆ ಒಂದು ಸಾಲನ್ನೇ ಎಷ್ಟು ಸಲ ಓದಿದೆನೋ. ಹೊರಗೆ ಕಾಣದ ಹಾಗೆ ಜೇಬಿನಲ್ಲಿ ಹಿಡಿಸುವ ಚಿಕ್ಕ ಪಿಸ್ತೂಲು ಬೇಕು, ಊರಿನ ಹೆಂಗಸರಿಗೆಲ್ಲ ಅದಕ್ಕೆ ಜೇಬು ಹೊಲಿದುಕೊಡುವವಳು ನೀನೇ ಅಲ್ಲವೇ ಅಮ್ಮ, ಯಾವುದು ಒಳ್ಳೆಯದು ಹೇಳು ಎಂದು ಕೇಳಿದ್ದೀಯ. ಯಾರ ಭಯಕ್ಕೆ ಎಂದು ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ. ಹತ್ತೊಂಬತ್ತನೇ ತಾರೀಕು ಶುಕ್ರವಾರ ನಿನ್ನ ಅಣ್ಣ ಡ್ವೈಟ್‌ನನ್ನು ಜೈಲಿನಿಂದ ಬಿಡುತ್ತಾರೆ. ಆರು ವರ್ಷ ಅಂದವರು ನಾಲ್ಕೇ ವರ್ಷಕ್ಕೆ ಹೇಗೆ ಬಿಡುತ್ತಾರೆ ಎಂದು ಕೇಳಿದ್ದೀಯ. ನನಗೇನು ಗೊತ್ತು ಮಗಳೇ, ಸರ್ಕಾರದವರ ಲೆಕ್ಕ ಸರ್ಕಾರದವರಿಗೇ ಗೊತ್ತು.

ಪತ್ರ ಬಂದ ಮಾರನೆಯ ದಿನವೇ ಓಡೆಲ್ ಅಂಗಡಿಗೆ ಹೋದೆ. ಓಡೆಲ್ ನೆನಪಿರಬೇಕು ನಿನಗೆ, ನಿಮ್ಮಪ್ಪನ ಜೊತೆ ಮೀನು ಹಿಡಿಯಲು ಹೋಗುತ್ತಿದ್ದವನು. ಈಗ ತಲೆ ಪೂರ್ತಿ ಬೋಳು, ಮಾತು ಮಾತ್ರ ಉದುರಿಲ್ಲ. ನಾನು ಬಾಗಿಲು ತಳ್ಳಿ ಒಳಗೆ ಬಂದದ್ದೇ, "ಬಾ ವರ್ನಕ್ಕ, ಜೇಬು ಹೊಲಿಯೋಕೆ ಅಳತೆ ಬೇಕಾ?" ಅಂದ. ಇಲ್ಲಪ್ಪ, ಈ ಸಲ ಜೇಬಲ್ಲ, ಜೇಬಿನೊಳಗೆ ಇಡೋದು ಬೇಕು ಅಂದೆ. "ಅರವತ್ತೇಳಕ್ಕೆ ನಿಂಗೆ ಯಾವ ಗಂಡಸು ಬೆನ್ನು ಹತ್ತಿದ್ದಾನೆ, ಹೇಳು, ನಾನೇ ವಿಚಾರಿಸ್ಕೊಳ್ತೀನಿ" ಎಂದು ನಕ್ಕ. ನನಗಲ್ಲ, ನೋಲಾಗೆ ಎಂದೆ. ಆಮೇಲೆ ಅವನು ತಮಾಷೆ ಮಾಡಲಿಲ್ಲ.

ಹಸಿರು ಬಟ್ಟೆ ಹಾಸಿ ಒಂದೊಂದಾಗಿ ಐದು ತೆಗೆದಿಟ್ಟ. ಎಲ್ಲಕ್ಕಿಂತ ಚಿಕ್ಕದಿತ್ತಲ್ಲ, ಹಿಡಿಗೆ ತಿಳಿ ನೀಲಿ ಬಣ್ಣ, ಅಂಗೈ ಮುಚ್ಚಿದರೆ ಕಾಣಿಸುವುದಿಲ್ಲ, ನನ್ನ ಕಣ್ಣು ಅದರ ಮೇಲೇ ಹೋಯಿತು. ಇದೇ ಆಯಿತು ಎಂದುಬಿಟ್ಟೆ. ಓಡೆಲ್ ಅದನ್ನು ಪಕ್ಕಕ್ಕೆ ಸರಿಸಿದ. "ಎಲ್ಲಾ ಹೆಂಗಸ್ರೂ ಇದನ್ನೇ ಮುಟ್ಟೋದು, ಎಲ್ಲಾ ಗಂಡಂದಿರೂ ಹೆಂಡ್ತಿಗೆ ಇದನ್ನೇ ತರೋದು. ಚಿಕ್ಕದಾದಷ್ಟೂ ಜಾಸ್ತಿ ಒದೆಯತ್ತೆ ಕಣಕ್ಕ. ಒಂದ್ಸಲ ಹೊಡೆದವಳು ಕೈ ಒದರ್ಕೊಂಡು ಮನೆಗೆ ಹೋಗ್ತಾಳೆ, ಆಮೇಲೆ ಅದು ಪೆಟ್ಟಿಗೇಲೇ ಇರತ್ತೆ, ಬೇಕಾದ ದಿನ ಕೈ ನಡುಗತ್ತೆ" ಎಂದ. ತಿಂಗಳಿಗೆ ನಾಲ್ಕು ಸಲವಾದರೂ ಹೊಡೆದು ಅಭ್ಯಾಸ ಮಾಡಬೇಕಂತೆ. ಮಾಡಲಾಗದಿದ್ದರೆ ತಗೊಳ್ಳಲೇಬೇಡ ಎಂದು ಹೇಳಿದ್ದಾನೆ, ಹಾಗೆಯೇ ಬರೆಯುತ್ತಿದ್ದೇನೆ.

ಆಮೇಲೆ ಕೇಳಿದ, "ಅವಳು ಎಡಗೈಯವಳು ಅಲ್ವಾ?"

ಹೌದು, ಹುಟ್ಟಿದಾಗಿನಿಂದ ಎಡಗೈ ಎಂದೆ. ಸರಾಗವಾಗಿ ಬಂತು ಬಾಯಿಗೆ. ಇಪ್ಪತ್ತಮೂರು ವರ್ಷದಿಂದ ಹೇಳಿ ಹೇಳಿ ನನಗೇ ನಿಜವಾಗಿಹೋಗಿದೆ. ಚರ್ಚಿನಲ್ಲಿ, ನಿನ್ನ ಟೀಚರುಗಳ ಹತ್ತಿರ, ನಿನ್ನ ಮದುವೆಯ ದಿನ ಬೀಗರ ಹತ್ತಿರವೂ ಇದನ್ನೇ ಹೇಳಿದ್ದೆ.

ಓಡೆಲ್ ಒಂದು ಪಿಸ್ತೂಲನ್ನು ಎಡಗೈಯಲ್ಲಿ ಹಿಡಿದು ತೋರಿಸಿದ. ಮೇಲಿನ ಉಕ್ಕಿನ ಭಾಗ ಇದೆಯಲ್ಲ, ಅದನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದು ಹಿಂದಕ್ಕೆ ಎಳೆದು ಬಿಡಬೇಕು, ಆಗ ಮೊದಲ ಗುಂಡು ಒಳಗೆ ಕೂರುತ್ತದೆ. ಪಿಸ್ತೂಲು ಚಿಕ್ಕದಾದಷ್ಟೂ ಒಳಗಿನ ಸ್ಪ್ರಿಂಗು ಗಟ್ಟಿ. ನಾನು ಎಳೆದು ನೋಡಿದೆ, ಕತ್ತರಿ ಹಿಡಿದು ಹಿಡಿದು ಗಂಟು ಕಟ್ಟಿದ ನನ್ನ ಬೆರಳಿಗೆ ಅದು ಜಗ್ಗಲಿಲ್ಲ. "ನೀನು ಬಿಡು, ನಿಂಗೆ ವಯಸ್ಸಾಯ್ತು. ಅವಳ ಬಲಗೈ ಗಟ್ಟಿ ಇದೆ ತಾನೇ?" ಎಂದ.

ಇದೆ ಎನ್ನಬೇಕು ಎಂದು ಬಾಯಿ ತೆರೆದೆ. ಪಿಸ್ತೂಲನ್ನು ಹಸಿರು ಬಟ್ಟೆಯ ಮೇಲೆ ಇಟ್ಟುಬಿಟ್ಟೆ. ಅಲ್ಲೂ ಸುಳ್ಳು ಹೇಳಿದರೆ ಓಡೆಲ್ ಅದನ್ನೇ ಕಟ್ಟಿಕೊಡುತ್ತಾನೆ, ಬೇಕಾದ ದಿನ ನಿನ್ನ ಬಲಗೈಯಿಂದ ಅದನ್ನು ಎಳೆಯಲು ಆಗುವುದಿಲ್ಲ. ಅಷ್ಟು ದಿನ ನನ್ನ ಸುಳ್ಳಿನಿಂದ ಯಾರೂ ಸತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಅವಳ ಬಲಗೈಯಲ್ಲಿ ಕಾಫಿ ಬಟ್ಟಲು ಕೂಡ ನಿಲ್ಲೋದಿಲ್ಲ ಓಡೆಲ್, ಎಂದೆ. ಮುರಿದಿದೆ. ಹೇಗೆ ಮುರೀತು ಅಂದ. ಮೆಟ್ಟಿಲಿಂದ ಬಿದ್ದು ಎಂದು ನಾಲಗೆಯ ತುದಿಗೆ ಬಂದಿತ್ತು. ಡ್ವೈಟ್ ಮುರಿದ ಎಂದೆ.

ನೋಲಾ, ಆ ಎರಡು ಶಬ್ದ ಹೊರಗೆ ಹಾಕಲು ನನಗೆ ಇಪ್ಪತ್ತಮೂರು ವರ್ಷ ಬೇಕಾಯಿತು, ಅದೂ ಬಂದೂಕಿನ ಅಂಗಡಿಯಲ್ಲಿ. ನಿನಗೆ ಹದಿನೈದು, ಅವನಿಗೆ ಹತ್ತೊಂಬತ್ತು. ಟ್ರಕ್ಕಿನ ಕೀಲಿ ಕೊಡುವುದಿಲ್ಲ ಎಂದು ನೀನು ಮುಷ್ಟಿಯಲ್ಲಿ ಹಿಡಿದಿದ್ದೆ, ಅವನು ಕುಡಿದಿದ್ದ. ನಾನು ಅಡುಗೆಮನೆ ಬಾಗಿಲಲ್ಲಿ ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ನಿಂತಿದ್ದೆ. ನೋಡಿದೆ. ಸದ್ದೂ ಕೇಳಿಸಿತು. ಆಸ್ಪತ್ರೆಯಲ್ಲಿ ಡಾಕ್ಟರು ನಿನ್ನನ್ನು ಕೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ಹೇಳಿದೆ, ಜಗುಲಿ ಮೆಟ್ಟಿಲಿಂದ ಬಿದ್ದಳು ಅಂತ. ನೀನು ಹೌದು ಬಿದ್ದೆ ಅಂದೆ. ನಮ್ಮ ಜಗುಲಿಗೆ ಇರುವುದು ಮೂರೇ ಮೆಟ್ಟಿಲು ಮಗಳೇ. ಆ ಡಾಕ್ಟರು ಒಂದು ಸಲ ಮನೆಗೆ ಬಂದು ನೋಡಿದ್ದರೆ ಸಾಕಿತ್ತು.

ನಿನ್ನನ್ನು ಕಾಪಾಡಬೇಕು ಅನಿಸಲಿಲ್ಲ ಎಂದಲ್ಲ. ಅವನನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಹೆದರಿದೆ. ನೀನು ಗಟ್ಟಿಗಿತ್ತಿ, ಸುಧಾರಿಸಿಕೊಳ್ಳುತ್ತೀ ಎಂದುಕೊಂಡೆ. ಸುಧಾರಿಸಿಕೊಂಡೆ ಕೂಡ. ಆ ಚಳಿಗಾಲವೆಲ್ಲ ಮೇಜಿನ ಮೇಲೆ ಬಾಗಿ ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದೆಯಲ್ಲ, ನಾನು ಹಿಂದೆ ನಿಂತು ಬೀನ್ಸು ಬಿಡಿಸುತ್ತಾ, ನೋಡು ಎಷ್ಟು ಬೇಗ ಕಲಿತಳು ಎಂದು ಹೆಮ್ಮೆಪಡುತ್ತಿದ್ದೆ. ಎಂಥ ಹೆಂಗಸು ನಾನು.

ಓಡೆಲ್ ಆ ಪಿಸ್ತೂಲನ್ನು ಒಳಗೆ ಎತ್ತಿಟ್ಟ. ಆಮೇಲೆ ತನ್ನ ಕಸುಬಿನ ಪ್ರಶ್ನೆ ಕೇಳಿದ. "ಆಸಾಮಿ ಈಗ ಎಷ್ಟು ದಪ್ಪ ಇದ್ದಾನೆ?" ನಾನು ಏನು ಹೇಳಿದೆ ಗೊತ್ತೇ? ಹುಟ್ಟಿದಾಗ ಒಂಬತ್ತು ಪೌಂಡು ಇದ್ದ ಎಂದೆ. ಅವನು ಕೇಳಿದ್ದೇನು, ನಾನು ಹೇಳಿದ್ದೇನು. ಅಷ್ಟಾದ ಮೇಲೆ ಅಲ್ಲಿಯೇ ಸ್ಟೂಲಿನ ಮೇಲೆ ಕೂತು ಅತ್ತೆ. ಗುಂಡಿನ ಡಬ್ಬಿ ಕೊಳ್ಳಲು ಬಂದಿದ್ದ ಇಬ್ಬರು ಗಂಡಸರು ಟೋಪಿ ತೆಗೆದು ಹೊರಗೆ ಹೋಗಿ ನಿಂತರು. ಒಂದು ಮಗುವಿಗಾಗಿ ಇನ್ನೊಂದು ಮಗುವಿನ ಅಳತೆ ಹೇಳುವುದೆಂದರೆ ಏನೆಂದು ಯಾವ ತಾಯಿಗೂ ಗೊತ್ತಾಗದಿರಲಿ.

ಈಗ ಪಿಸ್ತೂಲಿನ ವಿಷಯ ಹೇಳಿಬಿಡುತ್ತೇನೆ. ರಿವಾಲ್ವರಿಗೆ ಎಳೆಯುವ ಕೆಲಸವೇ ಇಲ್ಲ, ಆದರೆ ಜೇಬಿನಲ್ಲಿ ಸೇಬು ಇಟ್ಟ ಹಾಗೆ ಉಬ್ಬುತ್ತದೆ, ಟ್ರಿಗರೂ ಬಿಗಿ. ಓಡೆಲ್ ಒಳಗಿನಿಂದ ಹಳೆಯ ಮಾದರಿಯ ಒಂದು ತಂದ. ಅದಕ್ಕೆ ಮೇಲಿನ ಭಾಗ ಎಳೆಯಬೇಕಾಗಿಲ್ಲ, ಪಕ್ಕದ ಒಂದು ಗುಂಡಿ ಒತ್ತಿದರೆ ನಳಿಕೆಯೇ ಮೇಲಕ್ಕೆ ಬಾಯಿ ತೆರೆಯುತ್ತದೆ, ಮೊದಲ ಗುಂಡನ್ನು ಬೆರಳಲ್ಲಿ ಹಾಕಿ ಮುಚ್ಚುವುದು. ನಾನೂ ಮಾಡಿ ನೋಡಿದೆ, ಒಂದೇ ಕೈಯಲ್ಲಿ ಆಗುತ್ತದೆ. ನೀಲಿಯದರಷ್ಟು ಚಂದವಿಲ್ಲ, ಕಪ್ಪಗೆ ಮೊಂಡಾಗಿದೆ. ನಿನ್ನ ಹೆಸರಿನ ಚೀಟಿ ಅಂಟಿಸಿ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದಾನೆ. ಬೇರೆಯವರ ಕೈಯಲ್ಲಿ ಕೊಡುವುದಿಲ್ಲ, ನೀನೇ ಬಂದು ಹಿಡಿದು ನೋಡಿ, ಸಹಿ ಹಾಕಿ ತಗೋಬೇಕಂತೆ. ಹತ್ತೊಂಬತ್ತರ ಒಳಗೆ ಬಾ. ಅಂಗಡಿಗೆ ಮಾತ್ರ ಬಂದು ಹೋಗು, ನಮ್ಮ ಮನೆಗೆ ಬರಬೇಕೆಂದಿಲ್ಲ. ಬಂದರೆ ಸೇಬಿನ ಮುರಬ್ಬ ಮಾಡಿಟ್ಟಿದ್ದೇನೆ.

ಓಡೆಲ್ ಇನ್ನೊಂದು ಮಾತು ಹೇಳಿದ್ದಾನೆ, ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. "ಕೈಗೆ ಸಿಗೋಷ್ಟು ಹತ್ತಿರ ಬರೋಕೆ ಬಿಡಬಾರದು ಅಂತ ಹೇಳು. ತೆಗೆದ ಮೇಲೆ ಅಣ್ಣ ಅಂದ್ಕೊಂಡು ನಿಂತಳೋ, ಆ ಪಿಸ್ತೂಲು ಅವನ ಕೈಲಿರತ್ತೆ. ಅಷ್ಟು ಮನಸ್ಸು ಗಟ್ಟಿ ಇಲ್ದಿದ್ರೆ ಬೇಡ, ಓಡಿಹೋಗೋದೇ ವಾಸಿ." ನಾನು ನಿನಗೆ ಏನು ಹೇಳಲಿ? ಹೊಡಿ ಎನ್ನಲೇ, ಹೊಡೆಯಬೇಡ ಎನ್ನಲೇ? ನಾಲ್ಕು ವರ್ಷದ ಹಿಂದೆ ನೀನು ಕೋರ್ಟಿನಲ್ಲಿ ಎದ್ದು ನಿಂತು, ಅವನು ಆ ಮುದುಕನನ್ನು ಕಬ್ಬಿಣದ ಸರಳಿನಿಂದ ಬಡಿದದ್ದನ್ನು ನೋಡಿದೆ ಎಂದಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ನಿನ್ನ ಮೇಲೆ ಸಿಟ್ಟು ಬಂದಿತ್ತು. ಅವನನ್ನು ಕರೆದೊಯ್ಯುವಾಗ ನಿನ್ನ ಕಡೆ ತಿರುಗಿ, "ಬರ್ತೀನಿ ಇರು" ಎಂದನಲ್ಲ, ಅದು ನನಗೂ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ನಿನಗೆ ಹೇಳಿದ್ದೆ.

ಈ ಪತ್ರದ ಜೊತೆ ಪೊಟ್ಟಣದಲ್ಲಿ ಒಂದು ಕೋಟು ಇದೆ. ಕಂದು ಬಣ್ಣದ್ದು, ನೀನು ಕೆಲಸ ಮಾಡುವ ಪ್ರಾಣಿಗಳ ಕ್ಲಿನಿಕ್ಕಿಗೆ ಹಾಕಿಕೊಂಡು ಹೋದರೆ ಅಲ್ಲಿಯ ನಾಯಿ ಬೆಕ್ಕಿನ ಕೂದಲು ಎದ್ದು ಕಾಣುವುದಿಲ್ಲ. ಎಡಗಡೆ ಒಳಗೆ, ಎಡಗೈ ಇಳಿಬಿಟ್ಟರೆ ಸಿಗುವ ಹಾಗೆ ಜೇಬು ಹೊಲಿದಿದ್ದೇನೆ. ಹಾಸಿಗೆಯ ದಪ್ಪ ಬಟ್ಟೆಯ ಅಸ್ತರು, ಎರಡು ಸಾಲು ಹೊಲಿಗೆ. ಪಿಸ್ತೂಲಿನ ಭಾರಕ್ಕೆ ಕೋಟು ಒಂದು ಕಡೆ ಜೋತುಬಿದ್ದರೆ ನೋಡಿದವರಿಗೆ ಗೊತ್ತಾಗುತ್ತದೆ, ಅದಕ್ಕೆ ಇನ್ನೊಂದು ಕಡೆಯ ಅಂಚಿನೊಳಗೆ ನಿಮ್ಮಪ್ಪ ಮೀನಿನ ಗಾಳಕ್ಕೆ ಕಟ್ಟುತ್ತಿದ್ದ ಸೀಸದ ಗುಂಡುಗಳನ್ನು ಸೇರಿಸಿ ಹೊಲಿದಿದ್ದೇನೆ. ಆ ಜೇಬಿನಲ್ಲಿ ಬೇರೇನೂ ಹಾಕಬೇಡ. ಕೀಲಿ, ಪೆಪ್ಪರಮಿಂಟು, ಕರವಸ್ತ್ರ, ಏನೂ ಕೂಡದು.

ಕೋಟಿನ ಬಲಗಡೆ ಒಳಬಟ್ಟೆಯಲ್ಲಿ ಸೂಜಿಯ ಸಣ್ಣ ತೂತುಗಳ ಸಾಲು ಕಾಣುತ್ತದೆ. ಕೆಲಸ ಕೆಟ್ಟಿದೆ ಎಂದುಕೊಳ್ಳಬೇಡ. ಮೊದಲು ಬಲಗೈಗೆ ಸಿಗುವ ಹಾಗೆ ಹೊಲಿದುಬಿಟ್ಟಿದ್ದೆ. ಸೂಜಿ ಹಿಡಿದ ಕೈಗೆ ನೀನಿನ್ನೂ ಹದಿನಾಲ್ಕರ ಹುಡುಗಿ, ಬಲಗೈಯಲ್ಲಿ ಚೆಂಡು ಎಸೆಯುವವಳು. ಆಮೇಲೆ ಬಿಚ್ಚಿ ಎಡಗೈಗೆ ಹೊಲಿದೆ. ಬಿಚ್ಚಿದ ತೂತು ಮುಚ್ಚುವುದಿಲ್ಲ, ನಾನು ಬಿಸಿ ಇಸ್ತ್ರಿ ಹಾಕಿಯೂ ನೋಡಿದೆ.

ಮೊಣಕಾಲು ಚೆನ್ನಾಗಿದೆ. ಚಳಿ ಹಿಡಿದ ದಿನ ಮಾತ್ರ ನೋಯುತ್ತದೆ.

ನಿನ್ನ ಪ್ರೀತಿಯ,
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಮರೆತದ್ದಲ್ಲ. ಸರ್ಕಾರದವರ ಲೆಕ್ಕ ನನಗೆ ಗೊತ್ತಿಲ್ಲ ಎಂದು ಮೇಲೆ ಬರೆದೆನಲ್ಲ, ಸುಳ್ಳು. ಮಾರ್ಚಿನಲ್ಲಿ ಪೆರೋಲ್ ಮಂಡಳಿಯವರು, ಅದೇ ಕೈದಿಗಳನ್ನು ಅವಧಿಗೆ ಮುಂಚೆ ಬಿಡುವವರು, ನನ್ನನ್ನು ಕೇಳಿದ್ದರು. ಅವನಿಗೆ ನನ್ನ ಮನೆಯಲ್ಲಿ ಕೋಣೆ ಇದೆ, ಮನೆಯವರ ಮೇಲೆ ಅವನು ಯಾವತ್ತೂ ಕೈ ಎತ್ತಿದವನಲ್ಲ ಎಂದು ಬರೆದು ಸಹಿ ಮಾಡಿದೆ. ಚಂದದ ಅಕ್ಷರದಲ್ಲಿ ಬರೆದೆ. ಅವನ ಕೋಣೆಗೆ ಹೊಸ ಹಚ್ಚಡವನ್ನೂ ಹೊಲಿದಿದ್ದೇನೆ. ಇವತ್ತು ಅವರಿಗೆ ಇನ್ನೊಂದು ಪತ್ರ ಬರೆದೆ, ಆ ಮೂರು ಮೆಟ್ಟಿಲಿನ ವಿಷಯ, ನಾನು ಕಂಡದ್ದೆಲ್ಲ. ನಿನ್ನದನ್ನೂ ಅವರದನ್ನೂ ಈಗ ಒಟ್ಟಿಗೇ ಅಂಚೆಯವನ ಕೈಯಲ್ಲಿ ಕೊಡುತ್ತೇನೆ. ಹತ್ತೊಂಬತ್ತರ ಒಳಗೆ ಮಂಡಳಿಯಲ್ಲಿ ಅದನ್ನು ಯಾರಾದರೂ ಓದುತ್ತಾರೋ ಇಲ್ಲವೋ, ಓದಿದರೂ ಎರಡು ಥರ ಬರೆದ ಮುದುಕಿಯನ್ನು ನಂಬುತ್ತಾರೋ ಇಲ್ಲವೋ, ನನಗೆ ತಿಳಿಯದು. ನೀನು ಓಡೆಲ್ ಅಂಗಡಿಗೆ ಹೋಗು. ಕೋಟು ಹಾಕಿಕೊಂಡೇ ಓಡಾಡು.